ಗುರುತು ಸಿಗದ ಸುದ್ದಿ

ಎರಡು ವರ್ಷ ‘ಆರೋಪಿ’ ಎಂದು ಬರೆದೂ ಬರೆದೂ ವರದಿಗಾರ್ತಿ ಸ್ಪಂದನಳಿಗೆ ಸಾಕಾಗಿಹೋಗಿತ್ತು. ತೀರ್ಪು ಬರುವ ತನಕ ಬೇರೇನೂ ಬರೆಯುವಂತಿಲ್ಲ. ಇವತ್ತು ವಿಶೇಷ ನ್ಯಾಯಾಲಯ, ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ಎಸಗಿದ ಆ ವ್ಯಾನ್ ಚಾಲಕನಿಗೆ ಇಪ್ಪತ್ತು ವರ್ಷ ಜೈಲು ಕೊಟ್ಟಿತ್ತು. ನಾಗಮಂಗಲದಲ್ಲಿ ಬಸ್ಸಿಳಿದವಳೇ ಪುಟ್ಟಗೌರಮ್ಮನ ಟೀ ಅಂಗಡಿಯಲ್ಲಿ ಕೂತು, ಮೊಬೈಲಿನಲ್ಲಿ ‘ಅಪರಾಧಿ’ ಎಂದು ಬರೆದಳು. ಆಗ ಅವಳಿಗಾದ ಖುಷಿ ಅಷ್ಟಿಷ್ಟಲ್ಲ.

ಸುದ್ದಿ ಕಳಿಸಿದ ಐದೇ ನಿಮಿಷಕ್ಕೆ ಸಂಪಾದಕ ಮೋಹನ್ ಕುಮಾರ್ ಕೆ.ಆರ್.ಪೇಟೆಯಿಂದ ಫೋನು ಮಾಡಿದರು.

“ಇದೇನಮ್ಮ, ಹುಡ್ಗಿ ಊರಿಲ್ಲ, ಅಪ್ಪನ ಕಸುಬಿಲ್ಲ? ಹೆಸ್ರು ಬ್ಯಾಡ, ಒಪ್ಕೊತೀನಿ. ಊರು ಹಾಕಿ, ಕುಲುಮೆಯೋರ ಮಗ್ಳು ಅಂತ ನಾನೇ ಸೇರಿಸ್ತೀನಿ ಬುಡು.”

ನಾಲ್ಕು ತಾಲ್ಲೂಕಿಗೆ ಹೋಗುವ ಆ ಪುಟ್ಟ ಪತ್ರಿಕೆಯ ರೂಢಿಯೇ ಅದು. ಅಪಘಾತವಾಗಲಿ, ರ‍್ಯಾಂಕ್ ಬರಲಿ, ಯಾವ ಊರು, ಯಾರ ಮನೆಯವರು ಎಂದು ತಿಳಿಯದಿದ್ದರೆ ಓದುಗರಿಗೆ ಸಮಾಧಾನವಿಲ್ಲ. ಆದರೆ ಇಂಥ ಪ್ರಕರಣದಲ್ಲಿ ಹೆಸರಷ್ಟೇ ಅಲ್ಲ, ಮಗುವಿನ ಗುರುತು ಹತ್ತುವ ಯಾವ ವಿವರವನ್ನೂ ಕಾನೂನು ಹಾಕಗೊಡುವುದಿಲ್ಲ. ಆ ಊರಲ್ಲಿ ಕಬ್ಬಿಣ ಕಾಯಿಸಿ ಬಡಿಯುವ ಕುಲುಮೆ ಇರುವುದು ಒಂದೇ. ಅಕ್ಕಸಾಲಿಗರ ಮನೆಯಲ್ಲಿ ಹುಟ್ಟಿದ ಸ್ಪಂದನಳಿಗೆ, ಒಂದು ಕಸುಬಿಗೆ ಊರಿಗೊಂದೇ ಮನೆ ಎಂದರೆ ಏನೆಂದು ಗೊತ್ತು. ಆ ಹುಡುಗಿ ನಾಳೆ ತಲೆಯೆತ್ತಿ ಬಸ್ಸು ಹತ್ತಬೇಕು.

“ಕುಲುಮೆಯೋರು ಅಂದ್ರೆ ಯಾರಿಗ್ ಗೊತ್ತಾಯ್ತದೆ?” ಎಂದರು ಸಂಪಾದಕರು.

ಅವಳಿಗೆ ರೇಗಿತು. ಫೋನಿನ ಸ್ಪೀಕರ್ ಹಾಕಿ ಕೇಳಿದಳು. “ಗೌರಮ್ಮಜ್ಜಿ, ಕೆ.ಆರ್.ಪೇಟೆಲಿ ಪೇಪರ್ ನಡ್ಸೋರ ಮನೆ ಹುಡ್ಗಿ ಅಂದ್ರೆ ಯಾರು?”

ಸುತ್ತಲ ತಾಲ್ಲೂಕುಗಳ ಮನೆಮನೆಯ ಸಮಾಚಾರ ಬಾಯಿಪಾಠವಾಗಿದ್ದ ಮುದುಕಿ ಟೀ ಸೋಸುತ್ತಲೇ ಹೇಳಿದಳು. “ಇನ್ಯಾರವ್ವ, ಮೋಹನ್ ಕುಮಾರಪ್ಪನ ಮಗ್ಳು ಯಶಸ್ವಿನಿ. ಅತ್ನೇ ಕ್ಲಾಸು. ದಿನಾ ಎಂಟ್ ಗಂಟೆ ಬಸ್ಸಿಗೆ ಟ್ಯೂಷನ್ನಿಗೆ ಓಯ್ತಾಳೆ.”

ಆ ಕಡೆಯಿಂದ, “ನೀ ಬರ್ದಂಗೇ ಹೋಗ್ಲಿ ಕಣಮ್ಮ” ಎಂದು ಮೆಲ್ಲಗೆ ಕೇಳಿಸಿತು.

ಮರುದಿನ ಬೆಳಗ್ಗೆ ಪುಟ್ಟಗೌರಮ್ಮ ಆ ಸುದ್ದಿಯನ್ನು ಮೂರು ಸಲ ಓದಿದಳು. ಆ ವ್ಯಾನ್ ಚಾಲಕನ ಹೆಸರು ದಪ್ಪಕ್ಷರದಲ್ಲಿತ್ತು. ಹತ್ತಾರು ಹಳ್ಳಿ ಸುತ್ತುತ್ತಿದ್ದವನು, ಅದರಿಂದ ಹುಡುಗಿ ಯಾವ ಊರಿನವಳೆಂದು ಹೊಳೆಯುವಂತಿರಲಿಲ್ಲ. ಮುದುಕಿಗೆ ತಡೆಯಲಾಗದ ಸಂಕಟ.

“ಯಾರ ಮಗ್ಳು ಅಂತ ಒಂಚೂರೂ ಬುಟ್ಕೊಟ್ಟಿಲ್ವಲ್ಲ ಇವ್ರು,” ಎಂದು ಗೊಣಗುತ್ತ, ಅಮ್ಮನ ಜೊತೆ ಬಸ್ಸಿಗೆ ಕಾಯುತ್ತಿದ್ದ ಹುಡುಗಿಯನ್ನು ಕೇಳಿದಳು. “ನಿಂಗೇನಾರ ಗೊತ್ತೇನವ್ವ?”

ಪಕ್ಕದ ಬೆಂಚಿನಲ್ಲಿದ್ದ ಸ್ಪಂದನ ಆ ಕಡೆ ತಿರುಗಿಯೂ ನೋಡಲಿಲ್ಲ. ತಿರುಗಿದರೆ ಮುದುಕಿಗೆ ಸುಳಿವು ಸಿಕ್ಕೀತು.

ಹುಡುಗಿ ಬನ್ನನ್ನು ಟೀಯಲ್ಲಿ ಅದ್ದಿದಳು. “ನಂಗೆಂಗ್ ಗೊತ್ತಾಯ್ತದೆ ಅಜ್ಜಿ.”

“ಓಗ್ಲಿ ಬುಡು. ನಮ್ ಕುಡ್ಗೋಲು ಮೊಂಡಾಗದೆ, ಕುಲುಮೆಗಿಕ್ಕಿ ತಟ್ಕೊಡಕ್ಕೆ ನಿಮ್ಮಪ್ಪಂಗೆ ಯೋಳು.”

“ಯೋಳ್ತೀನಿ,” ಎಂದು ಹುಡುಗಿ ನಕ್ಕಳು. ಗೆದ್ದೆ ಎನಿಸಿತು ಸ್ಪಂದನಳಿಗೆ. ಬಸ್ಸು ಬಂತು. ಹುಡುಗಿ ಅಮ್ಮನಿಗಿಂತ ಮೊದಲೇ ಹತ್ತಿ, ಮುಂದಿನ ಕಿಟಕಿಯ ಸೀಟು ಹಿಡಿದಳು.