ಕಂಬಳಿ ಸಾಲದ ಗೇಣು

ಕುರಿಯ ವಾಸನೆ, ಹೌದು ಕುರಿಯದೇ, ಬಿಸಿ ಕೊಳವೆಗೆ ಸುತ್ತಿದ ಕಂಬಳಿ ಬೆವರುತ್ತಿದೆ, ಬೆಳಗಾವಿಯ ಈ ಪ್ರಯೋಗಶಾಲೆಯೊಳಗೆ ಖಾನಾಪುರದ ನಮ್ಮ ಹಟ್ಟಿಯೇ ಬಂದು ಕುಂತಂತಿದೆ, ಕಲ್ಲಯ್ಯ ಸರ್ ಮೂಗು ಮುಚ್ಚಿಕೊಂಡೇ ನಕ್ಕರಲ್ಲ — ಏನವಾ ಪ್ರಮಿಳಾ, ರಿಯಾಕ್ಟರಿಗೆ ಬಾಣಂತನ ಮಾಡಾಕತ್ತೀಯೇನ — ಹೌದ್ರೀ ಸರ್, ಥಂಡಿ ಹತ್ತಬಾರದಲ್ಲ್ರಿ — ನಗಲಿ, ಇವತ್ತು ನೀರು ಹರಿದರೆ ಸಾಕು, ಡಿಸೆಂಬರಿನ ಥಂಡಿಗೆ ನೀರಿನೊಳಗಿನ ಆಮ್ಲ ಬಿಳೀ ಹರಳುಗಟ್ಟಿ ಎರಡು ಸಲ ಕೊಳವೆ ಕಟ್ಟಿಕೊಂಡಿತು, ಇನ್ನೊಮ್ಮೆ ಕಟ್ಟಿದರೆ ಇದಕ್ಕೆ ರೊಕ್ಕ ಕೊಟ್ಟ ಮುಂಬೈ ಕಚೇರಿಯಿಂದ ನೋಡಲು ಬಂದಿರುವ ಬಾಳಾಸಾಹೇಬರು ಇದನ್ನೆಲ್ಲ ಬಿಚ್ಚಿಸಿ ಒಯ್ಯುತ್ತಾರೆ, ನನ್ನ ಎರಡು ವರ್ಷವನ್ನೂ, ಈ ಗಾಜಿನ ಗುಡಾಣವನ್ನೂ, ಅದರೊಳಗೆ ಕೆಂಪಾಗಿ ನಿಂತ ಸರಳುಗಳನ್ನೂ. ಮೊನ್ನೆ ಹಟ್ಟಿಯಲ್ಲಿ ಈ ಕಂಬಳಿ ಕೊಡುತ್ತ ಆಯಿ ಕೇಳಿದಾಗ ಹೇಳಿದೆನಲ್ಲ, ಅಣು ಗಿಣು ಏನೂ ಇಲ್ಲ ಆಯಿ, ಬರೇ ಕರೆಂಟಿನಿಂದ ಕಾಯೂ ಸರಳು, ಖರೇ ರಿಯಾಕ್ಟರಿನ ಪೈಪು ಒಡದರ ಬೋರಿಕ್ ಆಮ್ಲದ ನೀರು ಹೆಂಗ ಒಳಗ ಹೊಕ್ಕು ತಣಸ್ತೈತಿ ಅಂತ ನೋಡೂದು — ಬೋರಿಕ್ ಅಂದ್ರ? — ಕೇರಂ ಬೋರ್ಡಿಗೆ ಉದುರಸ್ತಾರಲ್ಲ, ಆ ಬಿಳೀ ಪುಡಿ — ಅಯ್ಯ, ಇಷ್ಟಕ್ಕ ಅಷ್ಟ ಸಾಲಿ ಕಲತಿ? ಆಯಿ, ಅವ್ವನ ಅವ್ವ ಭರಮವ್ವ, ಹಲ್ಲಿಲ್ಲದ ಬಾಯಿ ತುಂಬ ನಕ್ಕಳು, ಅವಳಿಗೆ ಗೊತ್ತಿಲ್ಲ, ಕ್ಲಾಸಿನಲ್ಲಿ ಕಲ್ಲಯ್ಯ ಸರ್ ಒಂದು ನ್ಯೂಟ್ರಾನು ಎರಡಾಗಿ ಎರಡು ನಾಲ್ಕಾಗುವುದನ್ನು, ಬೋರಿಕ್ಕಿನೊಳಗಿನ ಬೋರಾನು ಅವನ್ನು ನುಂಗಿಬಿಡುವುದನ್ನು ಹಲಗೆಯ ಮೇಲೆ ಬರೆದಾಗ ನಾನೊಬ್ಬಳೇ ಯಾಕೆ ಕಿಸಕ್ಕನೆ ನಕ್ಕೆ ಅಂತ — ಅದೇ ಕಥೆ ಅವಳು ನನ್ನ ಚಿಕ್ಕಂದಿನಲ್ಲೇ ಹೇಳಿದ್ದಳಲ್ಲ, ಒಂದ ಕಿಡಿ ಎರಡ ಕಿಡಿ ಹಡೀತು, ಎರಡು ನಾಕ ಹಡದುವು, ಊರ ಸುಡೂ ಹೊತ್ತಿಗೆ ಹುಡುಗಿ ಬಿಳೀ ಕುರಿ ಬಿಟ್ಟಳು, ಕುರಿ ಕಿಡೀನೆಲ್ಲಾ ಮೇದು ಬಿಟ್ಟುವು. ಆಮ್ಯಾಲ ಥಂಡಿ ಬಿತ್ತು, ಕುರಿ ಒಂದಕ್ಕೊಂದು ಆತುಕೊಂಡು ಹಟ್ಟಿ ಬಾಗಿಲದಾಗ ನಿಂತುವು, ಒಳಗೂ ಹೋಗವಲ್ವು ಹೊರಗೂ ಬರವಲ್ವು. ಮುಂದ, ಆಯಿ? ಮುಂದ ಒಂದ ಕುರಿ ದಾಟಿದ್ರ ಸಾಕವಾ, ಉಳದದ್ದು ಅದರ ಬೆನ್ನ ಹತ್ತತಾವ.

ವಾಲ್ವು ತಿರುಗಿತು, ಬಂತು, ಬಂತು ನೀರು! ಗುಡಾಣದೊಳಗೆ ಸುಂಯ್ ಅಂತ ಹಬೆ, ಸರಳುಗಳ ಕೆಂಪು ಇಳಿಯುತ್ತಿದೆ, ಉಷ್ಣಮಾಪಕದ ಮುಳ್ಳು ಇಳಿಯುತ್ತಿದೆ, ನನ್ನ ಎದೆ ಮಾತ್ರ ಏರುತ್ತಿದೆ, ಕುಣಿಯಬೇಕು ಅನಿಸುತ್ತಿದೆ, ಡೊಳ್ಳು ಇದ್ದರೆ ಬಾರಿಸುತ್ತಿದ್ದೆ — ನಿಲ್ಲು, ಅಲ್ಲಿ ಏನು, ಗುಡಾಣದ ಹತ್ತಿರ ಕಂಬಳಿ ಸಾಲದೆ ಉಳಿದ ಆ ಒಂದು ಗೇಣು ಗಾಜಿನ ಕೊಳವೆ, ಅಲ್ಲಿ ಬಿಳಿ ಹರಳು, ಒಂದು ಕುರಿ, ಎರಡು, ನಾಲ್ಕು. ಪಟ್ಟಿ ಪಟ್ಟಿಯಾಗಿ ಕತ್ತರಿಸಿದ್ದರೆ ಕೊಳವೆ ಪೂರ್ತಿ ಮುಚ್ಚುತ್ತಿತ್ತು, ನಿನ್ನೆ ಕತ್ತರಿ ಹಿಡಿದವಳು ಯಾಕೆ ಕೆಳಗಿಟ್ಟೆ, ಆಯಿ ಅಂದಿದ್ದಳಲ್ಲ, ಕತ್ತರಿ ಮಾತ್ರ ಹಚ್ಚಬ್ಯಾಡವಾ, ಕಂಬಳಿ ಅಂದ್ರ ಗದ್ದಿಗಿ, ಮೈಲಾರಲಿಂಗ ಕುಂದರೂದು ಅದರ ಮ್ಯಾಲ, ಎಂಜಿನಿಯರಿಂಗ್ ಓದಿದವಳೂ ಆ ಮಾತು ಮೀರಲಿಲ್ಲ, ಇಡೀ ಕಂಬಳಿಯನ್ನೇ ದಪ್ಪಗೆ ಸುತ್ತಿ ಸುತ್ತಿ ಕೊನೆಗೆ ಗೇಣು ಸಾಲದೆ, ಆಗುತ್ತೆ ಬಿಡು ಅಂದೆನಲ್ಲ. ಧಾರೆ ಸಣ್ಣಗಾಯಿತು. ಮುಳ್ಳು ನಿಂತಿತು. ಬಾಳಾಸಾಹೇಬರು ಕನ್ನಡಕ ಸರಿಮಾಡಿಕೊಂಡು ಬಾಗುತ್ತಿದ್ದಾರೆ — ಕಾಯ್ ಝಾಲಂ, ಏನಾತ್ರಿ, ಬಂದ್ ಆತೇನ್ರಿ? ಆಗಿಲ್ಲ, ಆಗಿಲ್ರೀ ಸರ್, ಕಾಲು ಯಾವಾಗ ಓಡಿತೋ, ಬೆವರುವ ಕಂಬಳಿಯ ಮೇಲೆ ಎರಡೂ ಅಂಗೈ ಒತ್ತಿ, ಕಾದ ಅಂಗೈಗಳನ್ನು ಬೋಳು ಗಾಜಿನ ಸುತ್ತ ಬಿಗಿದು, ಮತ್ತೆ ಕಂಬಳಿಗೆ, ಮತ್ತೆ ಗಾಜಿಗೆ, ಏಳ್ರೆ, ದಾಟ್ರೆ, ಹಿಡ್ರ್ರ್ ಹಾ, ಅಜ್ಜ ಕುರಿಗೆ ಅನ್ನುತ್ತಿದ್ದಂತೆ ಜೋರಾಗಿಯೇ ಅಂದೆನೇನೋ, ಕಲ್ಲಯ್ಯ ಸರ್ ಈ ಸಲ ನಗಲಿಲ್ಲ, ತಮ್ಮ ಮಫ್ಲರ್ ಬಿಚ್ಚಿದರು, ತೊಗೋ ಸುತ್ತು ಲಗೂ, ಸುತ್ತಿದೆ, ಅದರ ಮೇಲೆ ಮತ್ತೆ ಅಂಗೈ, ಅಂಗೈಯ ಕೆಳಗೆ ಗಾಜೋ ಹರಳೋ ಕಟುಕ್ ಅಂದಿತು. ಕೈ ತಗೀರಿ, ನೋಡೂಣು, ಅಂದರು ಬಾಳಾಸಾಹೇಬರು. ತೆಗೆಯಲೇ, ತೆಗೆದರೆ ಥಂಡಿ, ತೆಗೆಯದಿದ್ದರೆ ಕಾಣುವುದಿಲ್ಲ — ತೆಗೆದೆ, ಮಫ್ಲರ್ ಸರಿಸಿದೆ, ಬಾಗಿಲ ತುಂಬ ಬಿಳಿ, ಬಿಳಿಯ ನಡುವೆ ಕೂದಲೆಳೆಯಷ್ಟು ನೀರಿನ ಹೊಳಪು, ಅದು ಅಲುಗುತ್ತಿದೆ, ಮುಳ್ಳು ಮತ್ತೆ ಇಳಿಯುತ್ತಿದೆ, ಧಾರೆ ಸೂಜಿಯಷ್ಟು, ಕಡ್ಡಿಯಷ್ಟು, ಹಟ್ಟಿ ಬಾಗಿಲಲ್ಲಿ ಒಂದು ಕುರಿ, ಒಂದೇ, ತಲೆ ತಗ್ಗಿಸಿ, ಬೆನ್ನು ತೂರಿಸಿ, ಆ ಒಂದು ಬಿಳೀ ಕುರಿ —