ಬ್ಯಾಟರಿ ಸತ್ತ ಬೋರ್ಡು

ಗಣಿಯ ಬಾಯಲ್ಲಿ ನಿಂತ ಬೋರ್ಡಿನ ಕಾದ ಗಾಜಿನ ಮೇಲೆ ಒಂದು ನೊಣ, ಒಳಗೆ ಹೋಗಬಹುದು ಎಂಬ ಕಪ್ಪು ಅಕ್ಷರಗಳ ಮೇಲೆ ತಿರುಗಾಡುತ್ತಿದೆ, ಅದಕ್ಕೆ ಕಾಲು ಸುಡುವುದಿಲ್ಲವೇ — ಬೋರ್ಡು ನೋಡಿಕೊಳ್ಳುವ ಅಣವೀರ ಅದನ್ನು ಓಡಿಸಲಿಲ್ಲ, ಹೊಸ ಬ್ಯಾಟರಿಯ ವೈರು ಹಿಡಿದು ನಿಂತಿದ್ದಾನೆ, ಬೆನ್ನ ಹಿಂದೆ ಗಣಿಯ ಮ್ಯಾನೇಜರ್ ಸಿದ್ಧಲಿಂಗ, ಹಚ್ಚೋ ಲಗೂನ, ಮೂರಕ್ಕ ಇನ್‌ಸ್ಪೆಕ್ಟರ್ ಸಾಹೇಬ್ರು ಬರ್ತಾರ, ಇದನ್ನ ಅಳಿಸಿ ಅಪಾಯ ಅಂತ ತರಸು, ಜಟ್ಟೆಪ್ಪ ಕುಡದು ಒಳಗ ಹೋಗಿ ಸತ್ತ ಅಂತ ರಿಪೋರ್ಟಿನ್ಯಾಗ ಬರದೀನಿ, ಮುಗೀತು. ಗಣಿಯ ಹಳೆಯ ಕೂಲಿ ಜಟ್ಟೆಪ್ಪ ಕುಡಿಯುತ್ತಿರಲಿಲ್ಲ. ಬೋರ್ಡು ಓದಿದ, ನಂಬಿದ, ಹೋದ, ನಿನ್ನೆ ಮಧ್ಯಾಹ್ನ, ಮದ್ದು ಸಿಡಿಯಲು ಎರಡು ನಿಮಿಷ ಇದ್ದಾಗ. ಮೊದಲು ಇಲ್ಲಿ ಕೆಂಪು ಬಟ್ಟೆ ಕಟ್ಟಿದ ಕೋಲಿತ್ತು, ಮದ್ದು ತುಂಬಿದ ದಿನ ಜಟ್ಟೆಪ್ಪನೇ ನೆಡುತ್ತಿದ್ದ, ಅದನ್ನು ಕೀಳಿಸಿದವನು ಅಣವೀರ, ಕಾಕಾ, ಇನ್ನ ಅದ್ಯಾಕ್ರಿ, ಇದು ಎಲೆಕ್ಟ್ರಾನಿಕ್ ಕಾಗದ, ಕರೆಂಟ್ ಹೋದ್ರೂ ಅಕ್ಷರ ಹೋಗಂಗಿಲ್ಲ, ಎಂದಿದ್ದ — ಮುದುಕ ನಕ್ಕಿದ್ದ, ಭಾಳ ಶ್ಯಾಣ್ಯಾ ಇದ್ದಿಪಾ, ಸತ್ತಮ್ಯಾಗೂ ಮಾತಾಡ್ತದೇನು ಇದು? ಮಾತಾಡಿತು. ಕೂದಲೆಳೆಯಷ್ಟು ಗುಳ್ಳೆಗಳು, ಒಳಗೆ ಎಣ್ಣೆ, ಎಣ್ಣೆಯಲ್ಲಿ ಕಪ್ಪು ಕಣ ಬಿಳಿ ಕಣ, ವಿದ್ಯುತ್ತು ಹರಿದರೆ ಒಂದು ಮೇಲೇಳುತ್ತದೆ ಇನ್ನೊಂದು ಮುಳುಗುತ್ತದೆ, ಆಮೇಲೆ ವಿದ್ಯುತ್ತು ಬೇಕಿಲ್ಲ, ಇದ್ದಲ್ಲೇ ಇರುತ್ತವೆ. ಬ್ಯಾಟರಿ ನಿನ್ನೆ ಬೆಳಿಗ್ಗೆಯೇ ಸತ್ತಿತ್ತು, ಆಫೀಸಿನಿಂದ ಕಳಿಸಿದ ಅಪಾಯ ಎಂಬ ಮಾತು ಬೋರ್ಡಿಗೆ ಮುಟ್ಟಲೇ ಇಲ್ಲ, ದೀಪದ ಬೋರ್ಡಾಗಿದ್ದರೆ ಆರಿಹೋಗಿ ಸಂಶಯವಾದರೂ ಹುಟ್ಟಿಸುತ್ತಿತ್ತು, ಇದು ಸತ್ತದ್ದು ಯಾರಿಗೂ ಗೊತ್ತಾಗಲಿಲ್ಲ.

ಗೇಟಿನಾಚೆ ಜಟ್ಟೆಪ್ಪನ ಹೆಂಡತಿ ಹಣಮಮ್ಮ, ನಿನ್ನೆಯಿಂದ ಅಲ್ಲೇ, ತಮ್ಮಾ, ನನಗ ಓದಾಕ ಬರಂಗಿಲ್ಲ, ಅದರಾಗ ಏನ್ ಬರದದ ಹೇಳಪಾ, ಅಪಾಯ ಅಂತ ಅದಬೇ ಎವ್ವಾ, ಎಂದ ಅಣವೀರ, ಅಷ್ಟು ಸಲೀಸಾಗಿ ಬಾಯಿಗೆ ಬಂತು, ವೈರು ಸಿಕ್ಕಿಸಿದ. ನೊಣ ಹಾರಿತು, ಗಾಜು ಕಪ್ಪಾಯಿತು, ಬೆಳ್ಳಗಾಯಿತು, ಅಪಾಯ ಎಂದು ನಿಂತಿತು — ಅದರ ಬೆನ್ನಿಗೆ, ಬೂದಿ ಬಣ್ಣದಲ್ಲಿ, ಹಳೆಯ ಅಕ್ಷರ. ಲಕ್ಷಗಟ್ಟಲೆ ಸಲ ಬದಲಾದರೂ ತಾಳುತ್ತದೆ ಈ ಪರದೆ, ತಾಳದ್ದು ಈ ವಾಡಿ ಊರಿನ ಬಿಸಿಲನ್ನು, ಪೆಟ್ಟಿಗೆಯೊಳಗೆ ಐವತ್ತು ಡಿಗ್ರಿ ದಾಟುತ್ತದೆ, ಒಂದೇ ಮಾತು ದಿನವೆಲ್ಲ ನಿಂತರೆ ಕಣ ಅಂಟುತ್ತದೆ, ಅದಕ್ಕೇ ದಿನಕ್ಕೊಮ್ಮೆ ಪೂರ್ತಿ ಕಪ್ಪು-ಬಿಳಿ ಮಾಡಿ ತೊಳೆಯಬೇಕು, ಬ್ಯಾಟರಿ ಉಳಿಯಲೆಂದು ಅದನ್ನು ನಿಲ್ಲಿಸಿದವನೂ ಅವನೇ. ಮತ್ತೊಮ್ಮೆ ಮಾಡೋ, ಸಿದ್ಧಲಿಂಗ ಅವಸರಿಸಿದ, ಸಾಹೇಬ್ರ ಜೀಪಿನ ಧೂಳು ಕಾಣಾಕತ್ತದ. ಮಾಡಿದ, ಕಪ್ಪು, ಬಿಳಿ, ಹತ್ತು ಸಲ, ಹಣಮಮ್ಮ ಗೇಟಿನ ಸರಳಿಗೆ ಮುಖ ಒತ್ತಿದ್ದಾಳೆ, ತಮ್ಮಾ, ಅದರ ಹಿಂದ ಮಸಕ ಮಸಕ ಮತ್ತೇನೋ ಅದಲ್ಲ, ಅದು ಏನಪಾ, ಕಪ್ಪು, ಬಿಳಿ, ಕಪ್ಪು, ಬಿಳಿ, ಅಪಾಯ, ಅದರ ಹಿಂದೆ ಬೂದಿ ಬಣ್ಣದಲ್ಲಿ ಒಳಗೆ ಹೋಗಬಹುದು, ಕಪ್ಪು, ಬಿಳಿ, ಒಳಗೆ ಹೋಗಬಹುದು