ಮೂರು ಡಬ್ಬಿ, ಒಂದೇ ಹೊಟ್ಟೆ

ಆ ಬಸ್ ಡಿಪೋದ ಡ್ರೈವರುಗಳಿಗೆ ಪೊಲೀಸರಿಗಿಂತ ಡಾಕ್ಟರನ್ನು ಕಂಡರೆ ಹೆಚ್ಚು ಭಯ. ವರ್ಷದ ತಪಾಸಣೆಯಲ್ಲಿ ಮೂತ್ರದಲ್ಲಿ ಸಕ್ಕರೆ ಕಂಡರೆ ಸಾಕು, ಸ್ಟೇರಿಂಗ್ ಬಿಡಿಸಿ ಬಸ್ಸು ತೊಳೆಯಲು ಹಾಕುತ್ತಿದ್ದರು. ಅದಕ್ಕೆ ಅವರೊಂದು ದಾರಿ ಕಂಡುಕೊಂಡಿದ್ದರು. ಬೀಡಿ ಸೇದದ, ಹೆಂಡ ಮುಟ್ಟದ, ಮೆಟ್ಟಿಲನ್ನು ಓಡಿಕೊಂಡೇ ಹತ್ತುವ ಒಬ್ಬ ಕಂಡಕ್ಟರ್ ಇದ್ದ. ತಪಾಸಣೆಯ ದಿನ ಅವನು ಕಕ್ಕಸಿಗೆ ಹೋದರೆ ಹೊರಗೆ ಡ್ರೈವರುಗಳು ಸೀಸೆ ಹಿಡಿದು ಸಾಲು ನಿಲ್ಲುತ್ತಿದ್ದರು. ಎಲ್ಲರೂ ಸೇದಿಕೊಳ್ಳುತ್ತಾರೆಂದು ಅವನಿಗೆ ಬಾವಿ ಎಂದೇ ಹೆಸರು ಬಿದ್ದಿತ್ತು.

ಈ ಸಲ ಡಾಕ್ಟರಮ್ಮ ಐವತ್ತು ದಾಟಿದವರಿಗೆಲ್ಲ ಕಡ್ಡಿಯಿದ್ದ ಪುಟ್ಟ ಡಬ್ಬಿ ಕೊಟ್ಟರು. ಮಲದಲ್ಲಿ ಕಣ್ಣಿಗೆ ಕಾಣದ ರಕ್ತವಿದ್ದರೂ ಪತ್ತೆಯಾಗುತ್ತದೆ, ದೊಡ್ಡ ಕರುಳಿನ ಕ್ಯಾನ್ಸರ್ ನೋವು ಕೊಡುವ ಮೊದಲೇ ಸುಳಿವು ಸಿಗಬಹುದು ಎಂದು ಬಿಡಿಸಿ ಹೇಳಿದರು. ಕೇಳುವ ತಾಳ್ಮೆ ಯಾರಿಗಿತ್ತು? ಬಾಯಿ ಬಿಟ್ಟರೆ ಬೀದಿಗೆಲ್ಲ ಕೇಳುವ ಒಬ್ಬ ಹಿರಿಯ ಡ್ರೈವರ್ ಇದ್ದ, ಎಲ್ಲರ ಬಾಯಲ್ಲಿ ಹಾರನ್. ಅವನೂ ಅವನ ಇಬ್ಬರು ಜೊತೆಗಾರರೂ ತಮ್ಮ ಡಬ್ಬಿಗಳನ್ನು ಬಾವಿಯ ಕೈಗೆ ತುರುಕಿದರು. ಐವತ್ತು ತುಂಬದ ಬಾವಿಗೆ ತನ್ನದೆಂಬ ಡಬ್ಬಿಯೇ ಇರಲಿಲ್ಲ.

"ಇದೂ ನಾನೇ ಮಾಡ್ಬೇಕಾ? ಇನ್ಮೇಲೆ ನಿಮ್ಮ ಪಾಲಿನ ಊಟಾನೂ ನಂಗೇ ಹಾಕ್ಸಿಬಿಡಿ" ಎಂದು ಗೊಣಗುತ್ತಲೇ ಅವನು ಮೂರನ್ನೂ ತುಂಬಿಕೊಟ್ಟ.

ಮೂರರಲ್ಲೂ ರಕ್ತ ಸಿಕ್ಕಿತು.

ಡಾಕ್ಟರಮ್ಮ ಮೂವರನ್ನೂ ಕರೆಸಿದರು. ಮೂಲವ್ಯಾಧಿ ಇರಬಹುದು, ಕರುಳಿನೊಳಗೆ ಸಣ್ಣ ಗಂಟಿರಬಹುದು, ಕ್ಯಾನ್ಸರೇ ಆಗಬೇಕೆಂದಿಲ್ಲ. ಆದರೆ ಕ್ಯಾಮೆರಾ ನಳಿಕೆ ಇಳಿಸಿ ನೋಡಲೇಬೇಕು ಎಂದರು. ಹೊರಗೆ ಬಂದೊಡನೆ ಜೊತೆಗಾರನೊಬ್ಬ ಕಿಸಕ್ಕನೆ ನಕ್ಕ. ಸದ್ಯ, ನಮ್ಮದಲ್ಲ.

"ನಮ್ದಲ್ಲ ಅಂದ್ರೆ ಯಾರ್ದೋ?" ಎಂದ ಹಾರನ್. ನಗು ಅಲ್ಲೇ ಸತ್ತಿತು.

ಬಾಯಿ ಬಿಟ್ಟರೆ ಹಳೆಯ ಮೂತ್ರದ ಕತೆಯೆಲ್ಲ ಹೊರಬಿದ್ದು ಅರ್ಧ ಡಿಪೋ ಬೀದಿಗೆ ಬೀಳುತ್ತದೆ, ನಮಗೆ ಮೂಲವ್ಯಾಧಿ ಎಂದು ತಳ್ಳಿಹಾಕೋಣ, ಬಾವಿಗೆ ಮೆಲ್ಲಗೆ ಬೇರೆಡೆ ತೋರಿಸಿಕೊಳ್ಳಲು ಹೇಳೋಣ ಎಂದರು ಜೊತೆಗಾರರು. ಹೇಳಿಯೂ ನೋಡಿದರು. ಬಾವಿ ಹೊಟ್ಟೆ ತಟ್ಟಿಕೊಂಡು ನಕ್ಕ. ಕಲ್ಲು ತಿಂದು ಕರಗಿಸುವವನಿಗೆ ಯಾವ ರೋಗ? ನಿಮ್ಮ ಹೆಸರಿಗೆ ಬಂದದ್ದನ್ನು ನೀವೇ ಅನುಭವಿಸಿ ಎಂದ.

ಹಾರನ್‌ಗೆ ಪಿತ್ತ ನೆತ್ತಿಗೇರಿತು. ಬಾವಿಯ ರಟ್ಟೆ ಹಿಡಿದು ದರದರನೆ ಎಳೆದುಕೊಂಡು ಡಾಕ್ಟರಮ್ಮನ ಕೋಣೆಗೆ ನುಗ್ಗಿದ. ಅಲ್ಲಿ ಡಿಪೋದ ಮ್ಯಾನೇಜರೂ ಕೂತಿದ್ದ. ಇರಲಿ, ಅವನೂ ಕೇಳಲಿ.

"ಆ ಮೂರೂ ಇವನದು ತಾಯಿ. ಇಷ್ಟು ವರ್ಷ ನಾನು ಕೊಟ್ಟ ಮೂತ್ರಾನೂ ಇವನದೇ. ಮೊದ್ಲು ಇವನ ಹೊಟ್ಟೆ ನೋಡಿ, ಆಮೇಲೆ ನನ್ನ ತಲೆ ತೆಗೀರಿ."

ಮ್ಯಾನೇಜರ್ ಮುಖ ಕೆಂಪಗೆ ಮಾಡಿಕೊಂಡು, ಪ್ರಯಾಣಿಕರ ಜೀವದ ಜೊತೆ ಆಟವಾಡಿದ್ದೀಯ ಎಂದು ಹಾರಾಡಿದ.

"ಆಡಿದ್ದು ತಪ್ಪೇ. ಸ್ಟೇರಿಂಗ್ ಕಿತ್ಕೊಳ್ಳಿ, ಬಸ್ಸು ತೊಳೀತೀನಿ" ಎಂದ ಹಾರನ್. "ಆದ್ರೆ ಕಾಯಿಲೆ ಬಂದೋನಿಗೆ ಔಷಧಿ ಕೊಡೋ ಬದ್ಲು ಅನ್ನ ಕಿತ್ಕೊಂಡ್ರಲ್ಲ ಸ್ವಾಮಿ, ಅದಕ್ಕೇ ನಾವು ಕಳ್ಳರಾದದ್ದು. ಇದನ್ನ ಎಲ್ಲಿ ಬೇಕಾದ್ರೂ ಹೇಳ್ತೀನಿ."

ಡಾಕ್ಟರಮ್ಮ ಏನೂ ಬೈಯಲಿಲ್ಲ. ಮೂವರು ಡ್ರೈವರುಗಳಿಗೂ ಹೊಸ ಡಬ್ಬಿ ಎತ್ತಿಟ್ಟು, ಬಾವಿಯನ್ನು ಕೂರಿಸಿ ನಳಿಕೆ ಪರೀಕ್ಷೆಗೆ ಚೀಟಿ ಬರೆದರು. ಮರುದಿನದಿಂದ ಹಾರನ್ ಕೈಗೆ ನೀರಿನ ಪೈಪು ಬಂತು. ಬೈದವರು ಬೈದರು, ಮಾತು ಬಿಟ್ಟವರು ಬಿಟ್ಟರು. ಅವನು ಯಾರಿಗೂ ತಲೆ ತಗ್ಗಿಸಲಿಲ್ಲ.

ಪರೀಕ್ಷೆಯ ಮುಂಚಿನ ದಿನ ಹೊಟ್ಟೆ ತೊಳೆಯುವ ಔಷಧಿ ಕುಡಿಯಬೇಕಿತ್ತು. ಬಾವಿ ಹೇಗಾದರೂ ತಪ್ಪಿಸಿಕೊಳ್ಳುತ್ತಾನೆಂದು ಗೊತ್ತಿದ್ದ ಹಾರನ್, ಒದ್ದೆ ಬೂಟಿನಲ್ಲೇ ಬಂದು ಅವನ ಕಕ್ಕಸಿನ ಎದುರು ಕುರ್ಚಿ ಹಾಕಿಕೊಂಡು ಕೂತ. ಒಳಗಿನಿಂದ ಬಾವಿ ಅವನ ವಂಶವನ್ನೆಲ್ಲ ಜಾಲಾಡಿದ.

"ಬೈಯಿ, ಎಷ್ಟು ಬೇಕಾದ್ರೂ ಬೈಯಿ. ಆಚೆ ಬಂದು ಇನ್ನೊಂದು ಲೋಟ ಕುಡಿ. ನಾಳೆ ನಡ್ಕೊಂಡು ಬರ್ದಿದ್ರೆ ಹೊತ್ಕೊಂಡು ಹೋಗ್ತೀನಿ."

ಒಳಗೆ ನೀರು ಸುರಿದ ಸದ್ದಾಯಿತು. ಆಮೇಲೆ ಬಾಗಿಲು ತೆರೆಯಿತು. ಬಾವಿಯ ಮುಖ ಸಣ್ಣಗಾಗಿತ್ತು.

"ಅಣ್ಣ, ಏನಾದ್ರೂ ಇದ್ರೆ?"

"ಇದ್ರೆ ತೆಗೆಸೋಣ. ಗೊತ್ತಿಲ್ಲ ಅಂತ ಕೂತ್ರೆ ಅದೇನು ನಾಚ್ಕೊಂಡು ಎದ್ದು ಹೋಗುತ್ತಾ?"

ಬಾವಿ ಲೋಟ ಕಿತ್ತುಕೊಂಡು, ಹಾರನ್‌ನನ್ನೇ ದುರುಗುಟ್ಟಿ ನೋಡುತ್ತ, ಒಂದೇ ಉಸಿರಿಗೆ ಕುಡಿದ.